ಮನೆ ನೋಡಲು ಬರುವವರಿಗಾಗಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಾಡೆಲ್ಲ ಬಲ್ಲ ನುಡಿ. ಆದರೆ ಕಟ್ಟಿದ ಮನೆಯನ್ನು ಮಾರುವ ಪ್ರಸಂಗದ ಬಗೆಗೆ ನಮ್ಮ ಹಿರಿಯರು ಹೆಚ್ಚು ಮಾತನಾಡಿದಂತೆ ಕಾಣುವುದಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನ ಮುಳುಗಿದ ಲಕ್ಷಣ. ರಾತ್ರಿಯ ಹೊತ್ತು ಸಾಹುಕಾರರ ಪಡಸಾಲೆಯಲ್ಲಿ ಕಾಗದವಾಗಿ, ಬೆಳಗಾಗುವುದರೊಳಗೆ ಬಂಡಿ ಹೂಡಿ ಊರು ಬಿಡುವಂಥ ಕೆಲಸ ಅದು. ಈಗ ಹಾಗಿಲ್ಲ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆ ಊರಿದ್ದಾರೆ. ಊರಿನ ಮನೆಗಳು ಬೀಗ ಹಾಕಿಕೊಂಡು ಮಳೆಗಾಲಗಳನ್ನು ಎಣಿಸುತ್ತಿವೆ. ಪುರಾಣ-ಪ್ರವಚನಕ್ಕೆಂದು ಹೋದ ಊರುಗಳಲ್ಲಿ ಸದ್ಭಕ್ತರು ಪ್ರಸಾದವಾದ ಮೇಲೆ ಮೆಲ್ಲನೆ ಬಳಿಗೆ ಬಂದು, "ಅಪ್ಪೋರೆ, ಮನಿ ಮಾರಬೇಕಂತ ಮಾಡೀವ್ರಿ. ನೋಡಾಕ ಬರೋರಿಗೆ ಹೆಂಗ ತಯಾರಿ ಮಾಡಬೇಕ್ರಿ?" ಎಂದು ಕೇಳುತ್ತಾರೆ. ಶಾಸ್ತ್ರ ಓದಿದವರಿಗೆ ಈ ಉಸಾಬರಿ ಏಕೆಂದು ಕೆಲವರು ನಗಬಹುದು. ಆದರೆ 2021ರ ದೀಪಾವಳಿಯಿಂದ 2022ರ ಭಾದ್ರಪದದವರೆಗೆ ಮಸ್ಕಿಯ ನಮ್ಮ ಹಿರಿಯರ ಮನೆಯನ್ನು ಬಂದವರಿಗೆಲ್ಲ ತೋರಿಸುವ ಹೊಣೆ ನಮ್ಮ ಮೇಲೆಯೇ ಇದ್ದುದರಿಂದ, ಕಂಡದ್ದನ್ನು ಓದುಗ ಬಂಧುಗಳ ಮುಂದಿಡಲು ಸಂಕೋಚವಿಲ್ಲ.

ಮನೆ ಹಳೆಯದು. ದಪ್ಪ ಕಲ್ಲು-ಮಣ್ಣಿನ ಗೋಡೆ, ತೇಗದ ತಲೆಬಾಗಿಲು, ಹೊರಗೆ ಎರಡು ಕಟ್ಟೆ, ಒಳಗೆ ಪಡಸಾಲೆ, ಪಡಸಾಲೆಯ ಜಂತಿಗೆ ಪಂಚಮಿಯ ಜೋಕಾಲಿ ಕಟ್ಟುವ ಎರಡು ಕಬ್ಬಿಣದ ಕೊಂಡಿ, ಅದರಾಚೆ ಅಡುಗೆಮನೆ ಮತ್ತು ದೇವರ ಜಗುಲಿ, ಹಿಂದೆ ದನದ ಕೊಟ್ಟಿಗೆ. ಮೇಲೆ ಮಣ್ಣಿನ ಮಾಳಿಗೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಆ ಮಳೆಗೆ ಹಿಂದಿನ ಕೋಣೆಯ ಗೋಡೆ ಕುಸಿದಿತ್ತು; ಅಣ್ಣನವರು ಆ ಒಂದು ಕೋಣೆಯನ್ನು ಮಾತ್ರ ಸಿಮೆಂಟಿನಲ್ಲಿ ಎಬ್ಬಿಸಿ ಆರ್‌ಸಿಸಿ ಹಾಕಿಸಿದ್ದರು. 2021ರ ಎರಡನೆಯ ಅಲೆಯಲ್ಲಿ ಅವರಿಗೆ ಕೊರೋನಾ ತಗುಲಿತು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದು, ಮನೆಗೆ ಮರಳಿ, ತಿಂಗಳೊಪ್ಪತ್ತಿನಲ್ಲಿ ಅದೇ ಪಡಸಾಲೆಯಲ್ಲಿ ಲಿಂಗೈಕ್ಯರಾದರು. ಚಿಕಿತ್ಸೆಗೆ ಮಾಡಿದ ಸಾಲ ಅವರ ಮಗನ ತಲೆಯ ಮೇಲೆ ಕುಳಿತಿತು. ಅವನು ಸಿಂಧನೂರಿನಲ್ಲಿ ಅಕ್ಕಿಗಿರಣಿಯೊಂದರ ಲೆಕ್ಕ ಬರೆಯುವವನು. ಸಾಲ ತೀರಿಸಿ ತಾಯಿಯನ್ನು ತನ್ನ ಬಳಿಗೆ ಕರೆದುಕೊಳ್ಳುವುದೆಂದು ನಿಶ್ಚಯವಾಯಿತು. ಎಪ್ಪತ್ತು ದಾಟಿದ ಅತ್ತಿಗೆಯವರು ಆ ಮನೆಯಲ್ಲಿ ಇರುವಾಗಲೇ ಅದನ್ನು ತೋರಿಸಬೇಕಾಯಿತು. ತೆರವಾದ ಮನೆಯನ್ನು ತೋರಿಸುವುದು ಒಂದು ಬಗೆ; ಒಲೆ ಉರಿಯುತ್ತಿರುವ ಮನೆಯನ್ನು ತೋರಿಸುವುದು ಇನ್ನೊಂದು ಬಗೆ.

ಸುಣ್ಣ-ಬಣ್ಣಕ್ಕೆ ಕೈ ಹಾಕುವ ಮೊದಲು ಕಾಗದಗಳ ಪೆಟ್ಟಿಗೆಯನ್ನು ತೆರೆದೆವು. ಮನೆಯ ಉತಾರ ತಂದೆಯವರ ಹೆಸರಿನಲ್ಲಿತ್ತು. ಅವರು ಲಿಂಗೈಕ್ಯರಾದದ್ದು 1987ರಲ್ಲಿ. ಜಾಗದ ಮೂಲ ಖರೀದಿ ಪತ್ರ ಅಜ್ಜನವರ ಹೆಸರಿನಲ್ಲಿತ್ತು, ಅದೂ ಉರ್ದುವಿನಲ್ಲಿ. ನಮ್ಮ ಭಾಗ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಇಂಥ ಉರ್ದು ದಸ್ತಾವೇಜುಗಳು ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಇವೆ. ಅವನ್ನು ಓದಬಲ್ಲ ವೃದ್ಧರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಾರುವ ವಿಚಾರ ಇರಲಿ ಬಿಡಲಿ, ಓದುವವರು ಇರುವಾಗಲೇ ಕನ್ನಡಕ್ಕೆ ಇಳಿಸಿಟ್ಟುಕೊಳ್ಳುವುದು ಲೇಸು.

ಇಲ್ಲಿ ನಮ್ಮೂರಿನ ಒಂದು ಸಂಗತಿ ನೆನಪಿಗೆ ಬರುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಗಲ್ಲಿನ ಮೇಲೆ ಬರಹವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಾಕ್ಷಿ ಮೊದಲು ಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ. ಭರತಖಂಡವನ್ನು ಆಳಿದವನಿಗೇ ಹೆಸರಿನ ದಾಖಲೆ ಬೇಕಾಯಿತೆಂದರೆ ನಮ್ಮ ನಿಮ್ಮ ಪಾಡೇನು? "ಇದು ಇಂಥವರ ಮನಿ ಅಂತ ಊರಿಗೆಲ್ಲ ಗೊತ್ತದ" ಎಂಬ ಮಾತು ಉಪನೋಂದಣಿ ಕಚೇರಿಯ ಹೊಸ್ತಿಲು ದಾಟುವುದಿಲ್ಲ. ಮಸ್ಕಿ ಬೇರೆ ತಾಲೂಕಾದದ್ದು ಈಚೆಗೆ. ಹಿಂದಿನದೆಲ್ಲ ಲಿಂಗಸುಗೂರಿಗೆ ಸೇರಿದ್ದು. ಹಳೆಯ ನಕಲುಗಳಿಗಾಗಿ ಲಿಂಗಸುಗೂರಿಗೆ ಮೂರು ಬಾರಿ ಹೋಗಿಬಂದೆವು. ವಾರಸಾ ಬದಲಾವಣೆ, ಋಣಭಾರ ಪ್ರಮಾಣಪತ್ರ, ತೆರಿಗೆಯ ಪಾವತಿ, ನಾಲ್ಕು ದಿಕ್ಕಿನ ಚಕ್ಕುಬಂದಿ, ಇಷ್ಟು ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮನೆ ನೋಡಲು ಬಂದವರಿಗೆ, "ಕಾಗದ ಸಿದ್ಧವಾಗುತ್ತಿವೆ" ಎಂದು ಇದ್ದಂತೆ ಹೇಳಿದೆವು. ಇಬ್ಬರು ತಿರುಗಿ ಬರಲಿಲ್ಲ. ಬಾರದಿದ್ದುದೇ ಸರಿ.

ಕಾಗದಕ್ಕಿಂತ ಕಠಿಣವಾದುದು ಸಹಿಯ ವಿಚಾರ. ನಮ್ಮ ತಂಗಿಯನ್ನು ಲಿಂಗಸುಗೂರಿಗೆ ಕೊಟ್ಟಿದೆ. ಉಡಿ ತುಂಬಿ, ಒಂದು ಸೀರೆ ಉಡಿಸಿ ಅವಳ ಸಹಿ ಮಾಡಿಸಿಕೊಂಡರಾಯಿತು ಎಂದು ಬಳಗದಲ್ಲಿ ಕೆಲವರು ಸಲಹೆ ಕೊಟ್ಟರು. ಈ ಪದ್ಧತಿ ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬೇರೂರಿದೆಯೆಂದರೆ, ಇದು ಅನ್ಯಾಯವೆಂದು ಯಾರಿಗೂ ಅನಿಸುವುದೇ ಇಲ್ಲ. 1956ರ ಉತ್ತರಾಧಿಕಾರ ಕಾಯ್ದೆ ತನ್ನ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹೇಳಿಯೇ ನಮ್ಮನ್ನು ಒಳಗೆ ಸೇರಿಸಿಕೊಂಡಿದೆ. ತಂದೆಯ ಪಾಲಿನಲ್ಲಿ ಮಗಳ ಹಕ್ಕು ಅಂದಿನಿಂದಲೇ ಇದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಸಮನಾದ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ, 2005ರಲ್ಲಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಅಕ್ಕಮಹಾದೇವಿಯನ್ನು ಕೊಂಡಾಡುವ ಮನೆಯವರು ತಂಗಿಯ ಪಾಲನ್ನು ಸೀರೆಯ ಸೆರಗಿನಲ್ಲಿ ಕಟ್ಟಿ ಕಳಿಸುವುದು ನಮಗೆ ಸರಿಬೀಳಲಿಲ್ಲ. ಅವಳನ್ನು ಕರೆಸಿ, ಲೆಕ್ಕ ಮುಂದಿಟ್ಟು, ಅವಳ ಪಾಲು ಇಂತಿಷ್ಟೆಂದು ಬರೆದುಕೊಟ್ಟೆವು. ಅವಳು ನಾಲ್ಕು ದಿನ ಉಳಿದು, ಸೆರಗು ಸೊಂಟಕ್ಕೆ ಬಿಗಿದು, ಮನೆ ಸಾರಿಸುವ ಕೆಲಸಕ್ಕೆ ತಾನೇ ಮುಂದಾದಳು. ಕರಾರಿನ ದಿನ ಒಬ್ಬ ಸೋದರಿ ಮುನಿಸಿಕೊಂಡು ಬಾರದೆ, ಪಡೆದ ಸಂಚಕಾರವನ್ನು ಮರಳಿಸಬೇಕಾದ ಮನೆಗಳನ್ನು ನಾವು ಸಿಂಧನೂರಿನಲ್ಲಿ ಬಲ್ಲೆವು.

ಇನ್ನು ಶುಚಿ ಮಾಡುವ ಮಾತು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಕಸ ಗುಡಿಸುವ ಪಾಳಿ ನಮ್ಮದಾದ ದಿನ ಗುರುಗಳು ಅಂಗಳವನ್ನು ನೋಡುತ್ತಿರಲಿಲ್ಲ. ಕದವನ್ನು ಮುಂದಕ್ಕೆ ಎಳೆದು ಅದರ ಹಿಂದೆ ನೋಡುತ್ತಿದ್ದರು. ಆ ಶಿಕ್ಷಣ ಇಲ್ಲಿ ಉಪಯೋಗಕ್ಕೆ ಬಂದಿತು. ಮೂವತ್ತು ವರ್ಷದ ಖಾಲಿ ಡಬ್ಬಿ, ಮುರಿದ ಕುಂಟೆ, ಹರಿದ ತಾಡಪತ್ರಿ, ಗೊಬ್ಬರದ ಚೀಲ, ಮದುವೆಯ ಆಮಂತ್ರಣಗಳ ಗಂಟು ಎಲ್ಲ ಹೊರಬಿದ್ದವು. ಮಾಳಿಗೆಯ ಬೆಳಕಿಂಡಿಯನ್ನು ಮಂಗಗಳ ಕಾಟಕ್ಕೆಂದು ಯಾವಾಗಲೋ ಫರಸಿ ಕಲ್ಲಿನಿಂದ ಮುಚ್ಚಿದ್ದರು. ಕಲ್ಲು ತೆಗೆಸಿ, ಜಾಳಿಗೆ ಹಾಕಿಸಿ, ಅದರ ಮೇಲೆ ಗಾಜು ಕೂಡಿಸಿದೆವು. ಒಳಗಿನ ಕೋಣೆಗೆ ಬೆಳಕು ಬಿದ್ದಾಗ ಅತ್ತಿಗೆಯವರೇ, "ಇದು ನಮ್ಮ ಮನೀನ?" ಎಂದರು. ಇಷ್ಟಕ್ಕೆ ತಗುಲಿದ ಖರ್ಚು ಒಂದು ಹೊತ್ತಿನ ಆಳಿನ ಕೂಲಿ ಮತ್ತು ಒಂದು ಗಾಜು. ಹಳೆಯ ಮನೆಯ ಮಾಲೀಕರು ಬಣ್ಣಕ್ಕೆ ಹಣ ಸುರಿಯುವ ಮೊದಲು ಬೆಳಕಿಂಡಿಗಳನ್ನು ನೋಡಿಕೊಳ್ಳಲಿ. ಕೊಟ್ಟಿಗೆಯ ಗೋದಲಿಯನ್ನು ಕೆರೆಸಿ ಸುಣ್ಣ ಹೊಡೆಸಿದೆವು. ಬಚ್ಚಲಿನ ನೀರು ಬೀದಿಗೆ ಹರಿಯುವಲ್ಲಿ ಕಟ್ಟಿಕೊಂಡಿದ್ದ ಕೆಸರನ್ನು ತೆಗೆಸಿದೆವು. ಬಂದವರ ಮೂಗಿಗೆ ಮೊದಲು ತಟ್ಟುವುದು ಅದೇ.

ಬಣ್ಣದ ವಿಷಯದಲ್ಲಿ ಮಾತ್ರ ದಲಾಲರಿಗೂ ನಮಗೂ ಒಮ್ಮತವಾಗಲಿಲ್ಲ. ಪಡಸಾಲೆಯ ಈಶಾನ್ಯದ ಮೂಲೆಯಲ್ಲಿ ಮಾಳಿಗೆ ಸೋರಿ ಗೋಡೆಯ ಮೇಲೆ ಕಂದುಬಣ್ಣದ ಪಟ್ಟೆಗಳು ಇಳಿದಿದ್ದವು. ಸಿಮೆಂಟ್ ಕೋಣೆ ಹಳೆಯ ಗೋಡೆಗೆ ಕೂಡುವಲ್ಲಿ ಉದ್ದಕ್ಕೂ ಒಂದು ಬಿರುಕು ಇತ್ತು. "ಪುಟ್ಟಿ ತುಂಬಿ ಒಂದು ಕೈ ಡಿಸ್ಟೆಂಪರ್ ಹೊಡಸ್ರಿ. ಬ್ಯಾಸಗ್ಯಾಗ ತೋರಸ್ರಿ, ಯಾರಿಗೂ ಗೊತ್ತಾಗಂಗಿಲ್ಲ" ಎಂದರು ದಲಾಲರು. ದುಷ್ಟ ಬುದ್ಧಿಯಿಂದ ಹೇಳಿದ್ದಲ್ಲ. ಎಲ್ಲರೂ ಮಾಡುವುದನ್ನು ಹೇಳಿದರು.

ನಮ್ಮ ಸೀಮೆಯ ಎರೆಮಣ್ಣಿನ ಗುಣ ತಿಳಿದವರಿಗೆ ಈ ಪುಟ್ಟಿಯ ಆಯುಷ್ಯ ಎಷ್ಟೆಂದು ಹೇಳಬೇಕಾಗಿಲ್ಲ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ತೆಳುವಾದ ಅಡಿಪಾಯ ಹಾಕಿದ ಮನೆ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳು ಹರಡಿದವು, ಗಿರಣಿಗಳು ಎದ್ದವು, ಜಾಗದ ಬೆಲೆ ಗಗನಕ್ಕೇರಿತು. ಗದ್ದೆಯಾಗಿದ್ದ ನೆಲವೇ ಬಿನಶೇತ್ಕಿಯಾಗಿ ನಿವೇಶನಗಳಾಯಿತು. ಅಂಥದೊಂದು ಬಡಾವಣೆಯಲ್ಲಿ ನಮ್ಮ ಬೀಗರೊಬ್ಬರು ಕೇವಲ ಎಂಟು ವರ್ಷದ ಮನೆಯನ್ನು ಮಾರುವಾಗ ಬಿರುಕಿಗೆ ಪುಟ್ಟಿ ತುಂಬಿಸಿ, ಮೇಲೆ ಬಣ್ಣ ಹೊಡೆಸಿ, ಅಷ್ಟಕ್ಕೂ ತೃಪ್ತರಾಗದೆ ಅದರ ಮೇಲೆ ಬಸವಣ್ಣನವರ ದೊಡ್ಡ ಭಾವಚಿತ್ರವನ್ನು ತೂಗುಹಾಕಿದ್ದರು. ಕೊಂಡವರು ಭಾವಚಿತ್ರಕ್ಕೆ ಕೈಮುಗಿದು ಹಣ ಎಣಿಸಿದರು. ಮೊದಲನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಬಿರುಕು ಮೊದಲಿಗಿಂತ ಅಗಲವಾಗಿ ಹೊರಬಂತು. ವ್ಯಾಜ್ಯ ಕೋರ್ಟಿನವರೆಗೆ ಹೋಗಿ, ಎರಡೂ ಮನೆಯವರು ಇಂದಿಗೂ ಜಾತ್ರೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಮಾಡಿದ್ದು ಒಂದು ಗೋಡೆಯ ವಂಚನೆ. ಆದರೆ ಯಾರ ಚಿತ್ರವನ್ನು ಅದಕ್ಕೆ ಮರೆಯಾಗಿ ಬಳಸಿದರೆಂಬುದು ನಮ್ಮ ಮನಸ್ಸನ್ನು ಇಂದಿಗೂ ಕುಟುಕುತ್ತದೆ.

ಕಾಯ್ದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇರುವ ಮಹತ್ತ್ವದ ದೋಷ ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನ ಕಣ್ಣಿಗೆ ಬೀಳದಂತಿದ್ದರೆ, ಮಾರುವವನೇ ಅದನ್ನು ಹೇಳಬೇಕು. ಹೇಳದೆ ಬಿಟ್ಟರೆ ಅದು ವಂಚನೆ. ಮನೆಯನ್ನು ಸಿದ್ಧಪಡಿಸುವವರು ಒಂದು ಗೆರೆ ಎಳೆದುಕೊಳ್ಳಬೇಕಾದುದು ಇಲ್ಲಿಯೇ. ಧೂಳು ತೆಗೆಯುವುದು, ಸೋರುವುದನ್ನು ನಿಜವಾಗಿ ದುರಸ್ತಿ ಮಾಡಿಸುವುದು, ಸುಣ್ಣ ಹಚ್ಚುವುದು ಸಿದ್ಧತೆ. ಕಾಣಬೇಕಾದುದನ್ನು ಕಾಣದಂತೆ ಮಾಡುವುದು ಬೇರೆ ಕೆಲಸ, ಅದಕ್ಕೆ ಬಳಸಿದ್ದು ಅದೇ ಸುಣ್ಣವೇ ಆದರೂ. ನಾವು ಮಾಳಿಗೆಗೆ ಸವಳು ಮಣ್ಣು ತರಿಸಿ, ಹಳೆಯ ಕ್ರಮದಂತೆ ಹದವಾಗಿ ತುಳಿಸಿ ಹಾಕಿಸಿದೆವು. ನೀರಿಳಿಯುವ ದೋಣಿಯನ್ನು ಬದಲಿಸಿದೆವು. ಗೋಡೆಯ ಪಟ್ಟೆಗಳನ್ನು ಮಾತ್ರ ಹಾಗೆಯೇ ಬಿಟ್ಟೆವು. ಬಂದವರಿಗೆ, "ಇಲ್ಲಿ ಸೋರುತ್ತಿತ್ತು, ಇಂಥ ತಿಂಗಳು ಮಣ್ಣು ಹಾಕಿಸಿದ್ದೇವೆ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ನೋಡಿರಿ" ಎಂದೆವು. ಸಿಮೆಂಟ್ ಕೋಣೆಯ ಬಿರುಕನ್ನು ಕೈಯಿಟ್ಟು ತೋರಿಸಿ 2009ರ ಕಥೆ ಹೇಳಿದೆವು. ದಲಾಲರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದರು.

ಹಾಗೆಂದು ಮನೆಯ ಗುಣವನ್ನು ಮುಚ್ಚಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಂದವರನ್ನು ಬೇಕೆಂದೇ ಮಧ್ಯಾಹ್ನ ಎರಡು ಗಂಟೆಗೆ ಬರಹೇಳುತ್ತಿದ್ದೆವು. ರಾಯಚೂರು ಜಿಲ್ಲೆಯ ಆ ಹೊತ್ತಿನ ಬಿಸಿಲು ಓದುಗರಿಗೆ ತಿಳಿಯದ್ದೇನಲ್ಲ. ಮಣ್ಣಿನ ಮಾಳಿಗೆಯ ಕೆಳಗೆ ಬಂದು ಕುಳಿತು, ಮಡಕೆಯ ನೀರು ಕುಡಿದು, ಫ್ಯಾನು ಇಲ್ಲದೆಯೂ ಬೆವರು ಆರಿದ ಮೇಲೆ ಅವರು ತಾವಾಗಿಯೇ ಮೇಲೆ ನೋಡುತ್ತಿದ್ದರು. ನಾವು ವರ್ಣಿಸುವ ಪ್ರಮೇಯವೇ ಬರಲಿಲ್ಲ.

ಈ ಹತ್ತು ತಿಂಗಳಲ್ಲಿ ಅತಿ ಹೆಚ್ಚು ಕಷ್ಟಪಟ್ಟವರು ಅತ್ತಿಗೆಯವರು. ಆರಂಭದಲ್ಲಿ ದಲಾಲರು ಹೇಳದೆ ಕೇಳದೆ ಜನರನ್ನು ಕರೆತರುತ್ತಿದ್ದರು. ಕೆಲವರು ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಗೆ ನುಗ್ಗುವರು, ಅಲಮಾರಿನ ಕದ ತೆರೆಯುವರು, ಮೊಬೈಲಿನಲ್ಲಿ ಚಿತ್ರ ತೆಗೆದು ಬೆಂಗಳೂರಿನ ಮಗನಿಗೆ ಕಳಿಸುವರು. ಅತ್ತಿಗೆಯವರು ಊಟದ ತಟ್ಟೆಯ ಮುಂದಿದ್ದ ಹೊತ್ತಿನಲ್ಲಿಯೂ ಒಮ್ಮೆ ಹೀಗಾಯಿತು. ಆ ರಾತ್ರಿ ಅವರು, "ತಮ್ಮಾ, ಬಂದೋರು ಮನಿ ನೋಡ್ತಾರೋ, ನಾ ಯಾವಾಗ ಎದ್ದು ಹೋಗ್ತೀನಂತ ನೋಡ್ತಾರೋ?" ಎಂದು ಕೇಳಿದರು. ಮರುದಿನವೇ ನಿಯಮ ಹಾಕಿದೆವು. ಒಂದು ದಿನ ಮೊದಲು ತಿಳಿಸದೆ ಯಾರೂ ಬರುವಂತಿಲ್ಲ. ಬೆಳಗಿನ ಪೂಜೆ ಮುಗಿಯುವ ಮೊದಲು ಮತ್ತು ದೀಪ ಹಚ್ಚಿದ ಮೇಲೆ ತೋರಿಸುವುದಿಲ್ಲ. ಚಿತ್ರ ತೆಗೆಯಬೇಕಾದರೆ ಅತ್ತಿಗೆಯವರನ್ನು ಕೇಳಬೇಕು. ತೋರಿಸುವ ಹೊತ್ತಿನಲ್ಲಿ ಅವರನ್ನು ನೆರೆಮನೆಗೆ ಕಳಿಸಿರೆಂದು ಒಬ್ಬರು ಹೇಳಿದ್ದನ್ನು ನಾವು ಒಪ್ಪಲಿಲ್ಲ. ಮನೆಯ ಯಜಮಾನಿ ತನ್ನ ಪಡಸಾಲೆಯಲ್ಲಿ ಕುಳಿತಿರುವುದರಿಂದ ಬೆಲೆ ಇಳಿಯುವುದಾದರೆ ಇಳಿಯಲಿ. ವಯಸ್ಸಾದವರು ಇರುವ ಮನೆಯನ್ನು ಮಾರುವ ಮಕ್ಕಳು ಸುಣ್ಣದ ಬಣ್ಣಕ್ಕಿಂತ ಮೊದಲು ಈ ನಿಯಮಗಳನ್ನು ಗೊತ್ತುಮಾಡಿಕೊಳ್ಳಲಿ ಎಂಬುದು ನಮ್ಮ ವಿನಂತಿ.

ವಾಸ್ತುವಿನ ಸಂಗತಿಯನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುವೆವು. ದಕ್ಷಿಣದ ಬಾಗಿಲು ಅಶುಭ, ಪೂರ್ವಕ್ಕೆ ಹೊಸ ಬಾಗಿಲು ಒಡೆಸಿಟ್ಟರೆ ಬೇಗ ಮಾರಾಟವಾಗುವುದೆಂದು ಸಲಹೆ ಬಂದಿತು. ಆ ಗೋಡೆಯ ಮೇಲೆ ಮಾಳಿಗೆಯ ತೊಲೆಯೇ ಕುಳಿತಿದೆ. ಶಕುನ, ತಿಥಿ, ವಾರಗಳನ್ನು ಒಲ್ಲೆನೆಂದ ಶರಣರ ಮಾತನ್ನು ಒತ್ತಟ್ಟಿಗಿಟ್ಟರೂ, ಗೌಂಡಿಯ ಮಾತನ್ನಾದರೂ ಕೇಳಬೇಕಲ್ಲವೆ?

ವಾಸ್ತುವಿಗಿಂತ ಆಳವಾದುದು ಇನ್ನೊಂದು ಪ್ರಶ್ನೆ. ನಮ್ಮ ಕಡೆಯ ಜನ ಮನೆ ನೋಡಲು ಬಂದರೆ ಗೋಡೆಗಿಂತ ಮೊದಲು ಕೇಳುವುದು, "ಯಾಕ ಮಾರಾಕತ್ತೀರಿ? ಮನಿ ಆಗಿ ಬಂದದೇನ್ರಿ?" ಎಂದು. ಆ ಮನೆಯಲ್ಲಿ ಇದ್ದವರು ಏಳಿಗೆಯಾದರೆ, ಅಕಾಲದಲ್ಲಿ ಯಾರಾದರೂ ಹೋದರೆ ಎಂಬುದು ಅದರ ತಿರುಳು. ಇದಕ್ಕೆ ದಲಾಲರು ಒಂದು ಉತ್ತರ, ಮಗ ಒಂದು ಉತ್ತರ, ಓಣಿಯವರು ಮತ್ತೊಂದು ಉತ್ತರ ಕೊಟ್ಟರೆ ಕೆಲಸ ಕೆಟ್ಟಂತೆಯೇ. ಅಣ್ಣನ ಮಗ ಮೊದಮೊದಲು, "ಸಿಂಧನೂರಾಗ ದೊಡ್ಡ ಮನಿ ಕಟ್ಟಾಕತ್ತೀವ್ರಿ" ಎಂದು ಹೇಳುತ್ತಿದ್ದ. ಸಾಲ ಎಂದರೆ ಬೆಲೆ ಇಳಿಸುತ್ತಾರೆಂಬ ಭಯ ಅವನದು. ಅದು ಸುಳ್ಳೇನೂ ಅಲ್ಲ. ಅವಸರದಲ್ಲಿರುವವರನ್ನು ಹಿಂಡುವವರು ಇದ್ದೇ ಇದ್ದಾರೆ. ಸಾಲದ ಮೊತ್ತ ಹೇಳಬೇಕಾಗಿಲ್ಲ, ಆದರೆ ಇಲ್ಲದ ಮನೆಯನ್ನು ಕಟ್ಟುವುದೂ ಬೇಡವೆಂದು ಅವನನ್ನು ಒಪ್ಪಿಸಿದೆವು. "ಅಪ್ಪನ ಚಿಕಿತ್ಸೆಗೆ ಖರ್ಚಾಯ್ತು, ಅವ್ವ ಒಬ್ಬಾಕೀನ ಇರಾಕಾಗಂಗಿಲ್ಲ" ಎಂಬುದೊಂದೇ ಮಾತು ಎಲ್ಲರ ಬಾಯಲ್ಲಿಯೂ ಬರತೊಡಗಿತು.

ಸಿಂಧನೂರಿನಿಂದ ಬಂದ ಒಬ್ಬ ಭಕ್ತ ದಂಪತಿಗಳಿಗೆ ಮನೆ ಬಹಳ ಹಿಡಿಸಿತ್ತು. ಬೆಲೆಯೂ ಹತ್ತಿರ ಹತ್ತಿರ ಕೂಡಿತ್ತು. ಏಳುವ ಹೊತ್ತಿಗೆ ಆ ತಾಯಿ, "ಹಿರ್ಯಾರು ದವಾಖಾನ್ಯಾಗ ತೀರಿಕೊಂಡ್ರೇನ್ರಿ?" ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಅತ್ತಿಗೆಯವರು, "ಇಲ್ಲವ್ವಾ, ನೀವು ಕುಂತಲ್ಲೇ" ಎಂದರು. ಆ ದಂಪತಿಗಳು ಮತ್ತೆ ಬರಲಿಲ್ಲ. ಅಣ್ಣನ ಮಗನಿಗೆ ತಾಯಿಯ ಮೇಲೆ ಎರಡು ದಿನ ಸಿಟ್ಟು. ನಮಗೆ ಸಿಟ್ಟು ಬಂದದ್ದು ಬೇರೆಯವರ ಮೇಲೆ. ಪಂಚಸೂತಕಗಳಿಲ್ಲವೆಂದು ಸಾರಿದ ಧರ್ಮ ನಮ್ಮದು. ಕೊರಳಲ್ಲಿ ಲಿಂಗ ಧರಿಸಿದವರು ದೇಹ ಬಿಟ್ಟರೆ ಸತ್ತರೆನ್ನದೆ ಲಿಂಗೈಕ್ಯರಾದರೆನ್ನುವವರು ನಾವು. ಅಂಥ ಐಕ್ಯ ನಡೆದ ಪಡಸಾಲೆಯನ್ನು ಕಂಡು ಹಿಂದೆ ಸರಿದವರು ಬೇರೆ ಯಾರೂ ಅಲ್ಲ, ವಿಭೂತಿ ಧರಿಸಿದ ನಮ್ಮವರೇ. ಪ್ರವಚನಗಳಲ್ಲಿ ಮೂವತ್ತೈದು ವರ್ಷ ನಾವು ಹೇಳಿದ್ದನ್ನು ತಲೆದೂಗಿ ಕೇಳಿದ ಜನ ಮನೆ ಕೊಳ್ಳುವಾಗ ಅದನ್ನೆಲ್ಲ ಹೊಸ್ತಿಲ ಹೊರಗಿಟ್ಟು ಬರುತ್ತಾರೆ. ಕೊಳ್ಳುವವರ ಮನಸ್ಸನ್ನು ನಾವು ಸಾರಿಸಿ ಸಿದ್ಧಪಡಿಸಲಾರೆವು. ಆದರೆ ಅತ್ತಿಗೆಯವರ ಉತ್ತರವನ್ನು ಬದಲಿಸಿರೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಆ ಮೇಲೆ ಬಂದವರಿಗೆಲ್ಲ ಅವರು ಅದನ್ನೇ ಹೇಳಿದರು.

ಕೊನೆಗೆ ಮನೆ ಹಿಡಿದವರು ಲಿಂಗಸುಗೂರು ತಾಲೂಕಿನ ಹಳ್ಳಿಯೊಂದರ ಶಾಲಾ ಮಾಸ್ತರರು. ಜುಲೈಯಲ್ಲಿ ಜಿಟಿಜಿಟಿ ಮಳೆಯ ದಿನ ತಾವಾಗಿಯೇ ಬಂದು ಪಡಸಾಲೆಯ ಮೂಲೆಯಲ್ಲಿ ಅರ್ಧ ತಾಸು ನಿಂತು ಮಾಳಿಗೆ ನೋಡಿದರು. ಪಟ್ಟೆಗಳನ್ನು ಬೆರಳಿನಿಂದ ಮುಟ್ಟಿ ಒಣಗಿವೆಯೆಂದು ಖಚಿತಪಡಿಸಿಕೊಂಡರು. ಸಿಮೆಂಟ್ ಕೋಣೆಯ ಬಿರುಕಿಗೆಂದು ಬೆಲೆಯಲ್ಲಿ ಕೆಲವು ಸಾವಿರ ಇಳಿಸಿದರು, ನ್ಯಾಯವೇ ಆಗಿತ್ತು. ಅಣ್ಣನವರ ವಿಷಯ ಕೇಳಿ, "ಪುಣ್ಯವಂತರು, ಮನ್ಯಾಗ ಹೋದ್ರು" ಎಂದು ಕೈಮುಗಿದರು.

ಬಿಟ್ಟುಕೊಡುವ ವಾರ ಅತ್ತಿಗೆಯವರು ದೇವರ ಜಗುಲಿಯನ್ನು ಏನು ಮಾಡಬೇಕೆಂದು ಕೇಳಿದರು. ಕಲ್ಲಿನ ಜಗುಲಿಯನ್ನು ಕಿತ್ತು ಸಿಂಧನೂರಿಗೆ ಒಯ್ಯಬೇಕೆಂಬ ಆಸೆ ಅವರದು. ಕರಸ್ಥಲದಲ್ಲಿ ದೇವರನ್ನು ಇಟ್ಟುಕೊಂಡವರಿಗೆ ಕುಳಿತಲ್ಲಿಯೇ ಜಗುಲಿಯೆಂದು ನಾವೆಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಹಿತ್ತಾಳಿ ಸಮೆ ಅಷ್ಟು ಒಯ್ತೀನಿ" ಎಂದರು. ಜೋಕಾಲಿಯ ಕೊಂಡಿಗಳನ್ನು ಮಾಸ್ತರರ ಮೊಮ್ಮಗಳಿಗೆ ಬಿಟ್ಟೆವು.

ಒಂದು ಮಾತ್ರ ಉಳಿದಿತ್ತು. ಪಡಸಾಲೆಯ ನೆಲದ ಕೆಳಗೆ ಜೋಳ ತುಂಬುವ ಹಗೇವು ಇದೆ. ನಲವತ್ತು ವರ್ಷದಿಂದ ತೆರೆದಿಲ್ಲ. ಮೇಲಿನ ಫರಸಿ ಸಾರಿಸಿ ಸಾರಿಸಿ ನೆಲದೊಂದಿಗೆ ಒಂದಾಗಿ, ಹೇಳದಿದ್ದರೆ ಹೊಸಬರಿಗೆ ಅಲ್ಲಿ ಹಗೇವಿದೆ ಎಂಬ ಸುಳಿವೂ ಸಿಗದು. ಮುಚ್ಚಿದ ಹಗೇವಿನೊಳಗಿನ ಗಾಳಿ ಇಳಿದವರನ್ನು ಕೊಂದದ್ದುಂಟು. ಮಾಸ್ತರರನ್ನೂ ಅವರ ಮಗನನ್ನೂ ಕರೆಸಿ ಕಲ್ಲು ಸರಿಸಿದೆವು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರೆ ಅರ್ಧದಲ್ಲಿಯೇ ನಂದಿತು. ಒಂದು ರಾತ್ರಿ ಬಾಯಿ ತೆರೆದಿಟ್ಟು, ಸುತ್ತ ಮಂಚ ಅಡ್ಡವಿಟ್ಟು ಕಾವಲು ಕುಳಿತೆವು. ಬೆಳಗ್ಗೆ ಇಳಿಬಿಟ್ಟ ಕಂದೀಲು ತಳ ಮುಟ್ಟುವವರೆಗೆ ಉರಿಯಿತು. ಹುಡುಗ ಹಗ್ಗವನ್ನು ಅಳೆದು ಒಂಬತ್ತು ಮೊಳವೆಂದ. ಆಳುಗಳು ಕಲ್ಲನ್ನು ಮತ್ತೆ ಕೂಡಿಸಿದ ಮೇಲೆ ಅದರ ನಾಲ್ಕು ಅಂಚಿಗೂ ಸುಣ್ಣದ ಗೆರೆ ಎಳೆಯಿಸಿ, ಕರಾರಿನ ಪ್ರತಿಯ ಹಿಂದೆ ಅದರ ಸ್ಥಳವನ್ನು ಬರೆದುಕೊಟ್ಟೆವು.